ಮಣ್ಣಡಿಯ ಸ್ತರಭಂಗ ಹುಡುಕಲು ಗುರುತ್ವ ಅಳತೆ

ಮಂಡ್ಯದ ಕಬ್ಬಿನ ಗದ್ದೆಯ ಕೆಳಗೆ ಸ್ತರಭಂಗ (ಎರಡು ಬದಿಯ ಬಂಡೆ ಜಾರಿ ಸರಿದ ಬಿರುಕು) ಇದ್ದರೂ ಮೇಲೆ ಕಾಣುವುದಿಲ್ಲ. ಎರಡು ಬದಿಯ ಬಂಡೆಗಳ ಸಾಂದ್ರತೆ ಬೇರೆಯಾಗಿದ್ದರೆ ಗುರುತ್ವ ಅಳೆಯುವ ಗ್ರಾವಿಮೀಟರ್ ಅದನ್ನು ಹಿಡಿಯುತ್ತದೆ. ನಾಗಮಂಗಲದ ಕಡೆ ಶಿಸ್ಟ್, ನೈಸ್ ಎಂಬ ಎರಡು ಬಗೆಯ ಬಂಡೆ ಅಕ್ಕಪಕ್ಕ ಸಿಗುವುದರಿಂದ ಕೆಲಸ ಸುಲಭ. ಎರಡೂ ಬದಿ ಒಂದೇ ನೈಸ್ ಇದ್ದರೆ ಹೆಚ್ಚು ಆಸೆ ಬೇಡ.

ಊಹಿಸಿದ ಬಿರುಕಿಗೆ ಅಡ್ಡವಾಗಿ ಗೆರೆ ಹಾಕಿ, 50 ಮೀಟರ್‌ಗೊಂದು ಅಳತೆ ತೆಗೆಯಿರಿ; ಬಿರುಕಿನ ಹತ್ತಿರ 20 ಮೀಟರ್‌ಗೊಂದು. ಗಂಟೆ, ಒಂದೂವರೆ ಗಂಟೆಗೊಮ್ಮೆ ಮೂಲ ಬಿಂದುವಿಗೆ ಮರಳಿ ಓದಿ, ಉಪಕರಣದ ಡ್ರಿಫ್ಟ್ (ಹೊತ್ತು ಕಳೆದಂತೆ ಓದು ಸರಿಯುವುದು) ಕಳೆಯಲು.

ಹೆಚ್ಚಿನವರು ಎಡವುವುದು ಎತ್ತರದಲ್ಲಿ. ಎತ್ತರಕ್ಕೆ ಮಾಡುವ ಫ್ರೀ ಏರ್ ತಿದ್ದುಪಡಿ ಮೀಟರ್‌ಗೆ 0.3086 ಮಿಲಿಗಾಲ್ (ಗುರುತ್ವದ ಅಳತೆಮಾನ), ನಡುವಿನ ಬಂಡೆಯ ಸೆಳೆತಕ್ಕೆ 2.67 (ಗ್ರಾಂ/ಘನ ಸೆಂ.ಮೀ.) ಸಾಂದ್ರತೆಯ ಬೂಗೇರ್ ತಿದ್ದುಪಡಿ ಕಳೆದರೆ ಉಳಿಯುವುದು ಸುಮಾರು 0.197. ಅಂದರೆ 10 ಸೆಂಟಿಮೀಟರ್ ತಪ್ಪಿದರೆ 0.02 ಮಿಲಿಗಾಲ್ ಹೋಯಿತು. ಮೊಬೈಲ್ ಜಿಪಿಎಸ್ ನಂಬಬೇಡಿ, ಲೆವೆಲಿಂಗ್ (ಮಟ್ಟದ ಉಪಕರಣದಿಂದ ಎತ್ತರ ಅಳೆಯುವುದು) ಮಾಡಿ. ಉತ್ತರಕ್ಕೆ ಸಾಗಿದರೆ ಇಲ್ಲಿನ ಅಕ್ಷಾಂಶದಲ್ಲಿ ಕಿಲೋಮೀಟರ್‌ಗೆ ಸುಮಾರು 0.34 ಮಿಲಿಗಾಲ್ ಏರುತ್ತದೆ, ಅದನ್ನೂ ಕಳೆಯಿರಿ. ಚಾಮುಂಡಿ ಬೆಟ್ಟದ ಬುಡದಲ್ಲಾದರೆ ಸುತ್ತಲಿನ ಏರುತಗ್ಗಿಗೆ ಮಾಡುವ ಭೂರೂಪ ತಿದ್ದುಪಡಿ ಬಿಡುವಂತಿಲ್ಲ. ಗಾಳಿ, ಲಾರಿ ಓಡಾಟ ಇದ್ದಾಗ ಓದಿದ್ದು ನಿಲ್ಲುವುದಿಲ್ಲ. ಬೆಳಗಿನ ಜಾವ ಒಳ್ಳೆಯದು.

ತಿದ್ದಿದ ಅಳತೆಗಳನ್ನು ಗೆರೆಯುದ್ದಕ್ಕೂ ನಕ್ಷೆ ಬಿಡಿಸಿದಾಗ ಮೆಟ್ಟಿಲಿನಂಥ ಏರಿಕೆ ಕಾಣಬೇಕು. ಬಿರುಕು ಹೆಚ್ಚುಕಡಿಮೆ ನೆಟ್ಟಗಿದ್ದರೆ ಅದು ಅತಿ ಕಡಿದಾದ ಜಾಗದ ಕೆಳಗೇ ಇರುತ್ತದೆ. ಏರಿಕೆಯ ಕಾಲು ಮತ್ತು ಮುಕ್ಕಾಲು ಬಿಂದುಗಳ ಅಂತರದ ಅರ್ಧ, ತೆಳು ಪದರಕ್ಕೆ, ಸರಿಸುಮಾರು ಆಳ. 0.2 ಸಾಂದ್ರತೆ ವ್ಯತ್ಯಾಸ, ಪದರ 200 ಮೀಟರ್ ದಪ್ಪವಿದ್ದರೆ ಒಟ್ಟು ಏರಿಕೆ ಸುಮಾರು 1.7 ಮಿಲಿಗಾಲ್.