ಸಿಇಟಿ ಗಣಿತ: ಕೊನೆಯ ಹತ್ತು ದಿನ ನಾನು ಮಾಡಿಸುವುದು

ಉಡುಪಿಯಲ್ಲಿ ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಕೊಡುತ್ತೇನೆ. ಸಿಇಟಿಗೆ ಹತ್ತು ದಿನ ಇರುವಾಗ ಎಲ್ಲರದ್ದೂ ಒಂದೇ ಪ್ರಶ್ನೆ: "ಸರ್, ಇನ್ನು ಯಾವ ಚಾಪ್ಟರ್ ಓದಲಿ?" ಹೊಸದು ಯಾವುದೂ ಬೇಡ ಎನ್ನುತ್ತೇನೆ. ಗೊತ್ತಿದ್ದೂ ಕಳೆದುಕೊಳ್ಳುವ ಅಂಕ ಉಳಿಸಿಕೊಳ್ಳುವುದಕ್ಕೇ ಆ ಹತ್ತು ದಿನ ಸರಿಹೋಗುತ್ತದೆ.

ಮೊದಲ ಮೂರು ದಿನ ದಿನಕ್ಕೊಂದು ಹಳೆ ಪೇಪರ್. 60 ಪ್ರಶ್ನೆ, 80 ನಿಮಿಷ, ಮೇಜಿನ ಮೇಲೆ ಗಡಿಯಾರ, ಕೈಯಲ್ಲಿ ಒಎಂಆರ್ ಶೀಟಿನ (ಉತ್ತರಕ್ಕೆ ಗೋಲ ತುಂಬುವ ಹಾಳೆ) ಝೆರಾಕ್ಸ್. ಉತ್ತರವನ್ನು ಪುಸ್ತಕದಲ್ಲೇ ಟಿಕ್ ಮಾಡಿ ಮುಗಿಸುವ ಅಭ್ಯಾಸಕ್ಕೆ ಬೆಲೆಯಿಲ್ಲ. ಗೋಲ ತುಂಬುವುದಕ್ಕೇ ಐದಾರು ನಿಮಿಷ ಹೋಗುತ್ತದೆ ಎಂಬುದು ಆಗ ಗೊತ್ತಾಗುವುದೇ ಇಲ್ಲ. ಹಳೆ ಪೇಪರಿನಲ್ಲಿ ಈಗಿನ ಸಿಲೆಬಸ್‌ನಲ್ಲಿಲ್ಲದ ಪ್ರಶ್ನೆಗಳನ್ನು ಮೊದಲೇ ಹೊಡೆದು ಹಾಕಿಸುತ್ತೇನೆ. 2024ರ ಪೇಪರಿನಲ್ಲಂತೂ ಪಠ್ಯದ ಹೊರಗಿನ ಪ್ರಶ್ನೆಗಳು ಬಂದು, ಆಮೇಲೆ ಮೌಲ್ಯಮಾಪನದಿಂದ ಅವನ್ನು ಕೈಬಿಟ್ಟರು.

ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕ ಒಂದು ಅಕ್ಷರ ಬರೆಸುತ್ತೇನೆ. ಗೊತ್ತೇ ಇರಲಿಲ್ಲ ಎಂದರೆ 'ಗ', ಗೊತ್ತಿದ್ದೂ ಕೈತಪ್ಪಿತು ಎಂದರೆ 'ಕ', ಸಮಯ ಸಾಲಲಿಲ್ಲ ಎಂದರೆ 'ಸ'. ಉಳಿದ ದಿನಗಳ ದುಡಿಮೆಯೆಲ್ಲ 'ಕ' ಮೇಲೆ. ಅದರಲ್ಲಿ ಪದೇ ಪದೇ ಸಿಗುವವು ಕೆಲವೇ. 3×3 ಮ್ಯಾಟ್ರಿಕ್ಸ್‌ನ ಡಿಟರ್ಮಿನೆಂಟ್ 5 ಇದ್ದರೆ, ಇಡೀ ಮ್ಯಾಟ್ರಿಕ್ಸನ್ನು ಎರಡರಿಂದ ಗುಣಿಸಿದಾಗ 10 ಅಂತ ಬರೆದುಬಿಡುತ್ತಾರೆ. ಮೂರೂ ಸಾಲಿನಿಂದ ಒಂದೊಂದು 2 ಹೊರಗೆ ಬರುತ್ತದೆ, ಹಾಗಾಗಿ 40. ಸೈನ್ ಇನ್ವರ್ಸ್ ಆಫ್ ಸೈನ್ 120 ಡಿಗ್ರಿ ಎಂದರೆ 120 ಅಲ್ಲ, 60. ಪ್ರಿನ್ಸಿಪಲ್ ವ್ಯಾಲ್ಯೂ ಮೈನಸ್ 90ರಿಂದ 90ರ ಒಳಗೇ ಇರಬೇಕು. ಇಂಥವನ್ನು ಒಂದೇ ಹಾಳೆಯಲ್ಲಿ ಬರೆದು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ನೋಡಬೇಕು. ಎರಡನೇ ಹಾಳೆ ಶುರುವಾದರೆ ಅದು ನೋಟ್ಸ್ ಆಗಿಬಿಡುತ್ತದೆ, ಯಾರೂ ಓದುವುದಿಲ್ಲ.

'ಸ'ಕ್ಕೆ ಮದ್ದು ಬೇರೆ. ಇಂಟಿಗ್ರೇಷನ್ ಎಂದ ಕೂಡಲೇ ಮಕ್ಕಳು ಅರ್ಧ ಪುಟ ಲೆಕ್ಕ ಮಾಡುತ್ತಾರೆ. ಉತ್ತರ ನಾಲ್ಕರಲ್ಲಿ ಒಂದಾಗಿ ಕಣ್ಣೆದುರೇ ಇದೆ ಮಾರಾಯ, ಅಲ್ಲಿಂದ ಹಿಂದಕ್ಕೆ ಬಾ! ಮೇಲೆ ಎಕ್ಸ್ ಇಂಟು ಇ ಪವರ್ ಎಕ್ಸ್, ಕೆಳಗೆ ಒನ್ ಪ್ಲಸ್ ಎಕ್ಸ್ ಹೋಲ್ ಸ್ಕ್ವೇರ್ ಇದೆ ಅಂತಿಟ್ಟುಕೊಳ್ಳಿ. ಎಕ್ಸ್‌ಗೆ ಸೊನ್ನೆ ಹಾಕಿದರೆ ಅದರ ಬೆಲೆ ಸೊನ್ನೆ. ಸರಿಯುತ್ತರದ ಡೆರಿವೇಟಿವ್ ತೆಗೆದರೆ ಪ್ರಶ್ನೆಯೇ ವಾಪಸ್ ಬರಬೇಕು, ಹಾಗಾಗಿ ಅದೂ ಅಲ್ಲಿ ಸೊನ್ನೆ ಆಗಲೇಬೇಕು. 'ಇ ಪವರ್ ಎಕ್ಸ್ ಬೈ ಒನ್ ಪ್ಲಸ್ ಎಕ್ಸ್' ಎಂಬ ಆಯ್ಕೆಯ ಡೆರಿವೇಟಿವ್‌ಗೆ ಸೊನ್ನೆ ಬರುತ್ತದೆ. ಮೇಲೊಂದು ಎಕ್ಸ್ ಸೇರಿಸಿದ ಆಯ್ಕೆಗೆ 1, ಕೆಳಗೆ ಸ್ಕ್ವೇರ್ ಇರುವುದಕ್ಕೆ ಮೈನಸ್ 1, ಭಾಗಿಸದೆ ಗುಣಿಸಿದ್ದಕ್ಕೆ 2. ಮೂರೂ ಹೋದವು. ಎರಡು ಆಯ್ಕೆ ಉಳಿದರೆ ಎಕ್ಸ್‌ಗೆ 1 ಹಾಕಿ ಮತ್ತೊಮ್ಮೆ ನೋಡಿದರೆ ಸಾಕು. ಛೇದ ಸೊನ್ನೆಯಾಗುವ ಬೆಲೆಯನ್ನು ಮಾತ್ರ ಹಾಕಬೇಡಿ.

ಶಾರ್ಟ್‌ಕಟ್‌ನಲ್ಲೂ ಗುಂಡಿ ಇದೆ. ಡೆಫಿನಿಟ್ ಇಂಟಿಗ್ರಲ್‌ನಲ್ಲಿ ಒನ್ ಬೈ ಒನ್ ಪ್ಲಸ್ ರೂಟ್ ಟ್ಯಾನ್ ಎಕ್ಸ್ ಕಂಡ ಕೂಡಲೇ ಪೈ ಬೈ 4 ಅಂತ ತುಂಬುತ್ತಾರೆ. ಅದು ಸೊನ್ನೆಯಿಂದ ಪೈ ಬೈ 2ರ ವರೆಗಿನ ಲಿಮಿಟ್‌ಗೆ. ಪೈ ಬೈ 6ರಿಂದ ಪೈ ಬೈ 3 ಇದ್ದರೆ ಲಿಮಿಟ್‌ಗಳ ಅಂತರದ ಅರ್ಧ, ಅಂದರೆ ಪೈ ಬೈ 12.

'ಗ'ದಲ್ಲಿ ಮುಟ್ಟುವುದಾದರೆ ಎಲ್‌ಪಿಪಿ (ಲೀನಿಯರ್ ಪ್ರೋಗ್ರಾಮಿಂಗ್), ವೆಕ್ಟರ್, ಮ್ಯಾಟ್ರಿಕ್ಸ್ ಇಷ್ಟೇ. ಎರಡೆರಡು ಗಂಟೆಯಲ್ಲಿ ಹಿಡಿತಕ್ಕೆ ಬರುತ್ತವೆ. ಉಳಿದದ್ದನ್ನು ಬಿಟ್ಟುಬಿಡಿ.

ಹಾಲ್‌ನಲ್ಲಿ ಮೊದಲ ಸುತ್ತು 45 ನಿಮಿಷ. ದಾರಿ ಕಾಣುವ ಪ್ರಶ್ನೆ ಮಾತ್ರ ಮಾಡುವುದು, ಒಂದೂವರೆ ನಿಮಿಷ ದಾಟಿದರೆ ಪ್ರಶ್ನೆಗೆ ಗುರುತು ಹಾಕಿ ಮುಂದಕ್ಕೆ. ಎರಡನೇ ಸುತ್ತು 25 ನಿಮಿಷ. ಪ್ರತಿ ಪುಟ ಮುಗಿದಾಗ ಆ ಪುಟದ ಗೋಲ ತುಂಬಿಬಿಡಬೇಕು. ಬಿಟ್ಟ ಪ್ರಶ್ನೆಯ ಸಾಲು ಹಾರಿಸಲು ಮರೆತರೆ ಅಲ್ಲಿಂದ ಮುಂದೆ ಎಲ್ಲವೂ ಒಂದು ಸಾಲು ಜಾರುತ್ತದೆ, ಬಾಲ್ ಪೆನ್ನಿನದ್ದನ್ನು ಅಳಿಸಲಾಗದು. ವರ್ಷನ್ ಕೋಡ್ ಮೊದಲ ನಿಮಿಷದಲ್ಲೇ ತುಂಬಿ. ಕೊನೆಯ ಹತ್ತು ನಿಮಿಷ ಖಾಲಿ ಗೋಲಗಳಿಗೆ. ನೆಗೆಟಿವ್ ಮಾರ್ಕ್ ಇಲ್ಲ, ಆದ್ದರಿಂದ 12 ಪ್ರಶ್ನೆ ಉಳಿದಿದ್ದರೆ ಕಣ್ಣು ಮುಚ್ಚಿ ತುಂಬಿದರೂ ಸರಾಸರಿ 3 ಅಂಕ. ಒಂದೇ ಅಕ್ಷರ ತುಂಬಿದರೂ ಬೇರೆ ಬೇರೆ ತುಂಬಿದರೂ ಸರಾಸರಿ ಬದಲಾಗದು. ಎರಡು ಆಯ್ಕೆ ತಳ್ಳಿಹಾಕಿದ್ದಲ್ಲಿ ಮಾತ್ರ ಅದು 6 ಆಗುತ್ತದೆ.

ಇನ್ನೊಂದು, ನಮ್ಮ ಕರಾವಳಿಯದ್ದೇ ತೊಂದರೆ. 2024ರಲ್ಲೂ 2025ರಲ್ಲೂ ಪರೀಕ್ಷೆ ಬಂದದ್ದು ಬಿಸು ಹಬ್ಬದ (ತುಳುವರ ಹೊಸ ವರ್ಷ) ಬೆನ್ನಿಗೇ, ಏಪ್ರಿಲ್‌ನ ಸೆಕೆಯಲ್ಲಿ. ಬೆವರಿದ ಅಂಗೈ ಒಎಂಆರ್ ಮೇಲೆ ಊರಿದರೆ ಕಾಗದ ಮೆತ್ತಗಾಗುತ್ತದೆ, ಶಾಯಿ ಹರಡುತ್ತದೆ. ಬರೆಯುವ ಕೈಯ ಕೆಳಗೆ ಮಡಚಿದ ಕರ್ಚೀಫ್ ಇರಲಿ.