ಮಾತು ಬರದವರು ನೆಟ್‌ವರ್ಕಿಂಗ್ ಮಾಡುವುದು ಹೇಗೆ?

ಬೆಂಗಳೂರಿನ ಹೋಟೆಲೊಂದರಲ್ಲಿ ಸಾಫ್ಟ್‌ವೇರ್ ಮಂದಿಯ ಮೀಟಪ್. ಎಲ್ಲರೂ ಗುಂಪು ಗುಂಪಾಗಿ ನಗುತ್ತಿದ್ದರು. ನಾನು ಗೋಡೆ ಪಕ್ಕ ನಿಂತು, ಖಾಲಿ ಕಪ್ಪಿನಿಂದ ಹತ್ತು ನಿಮಿಷ ಕಾಫಿ ಕುಡಿದೆ. ಆಮೇಲೆ ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕು ಎಂದು ಗೋಡೆಗೆ ಹಾಕಿದ್ದ ನಕ್ಷೆಯನ್ನು ಪೂರ್ತಿ ಓದಿದೆ. ಆ ದಾರಿ ಹಿಡಿದೇ ಮನೆಗೆ ಬಂದೆ.

'ಕೆಲಸ ಬೇಕಾದ್ರೆ ನಾಲ್ಕು ಜನರ ಪರಿಚಯ ಮಾಡ್ಕೋ' ಎಂದು ಬುದ್ಧಿ ಹೇಳುವವರೆಲ್ಲ ಮಾತಿನ ಮಲ್ಲರೇ. ಅವರ ಉಪಾಯ ನಮಗೆ ಒಗ್ಗುವುದಿಲ್ಲ. ನನಗೆ ಒಗ್ಗಿದ್ದು ಇಷ್ಟು.

ಮೊದಲು, ಹೊಸಬರ ಆಸೆ ಬಿಟ್ಟು ಹಳಬರ ಪಟ್ಟಿ ಮಾಡಿ. ಪಿಯುಸಿ ಸಹಪಾಠಿ, ಹಾಸ್ಟೆಲ್ ಸೀನಿಯರ್, ಹಿಂದಿನ ಆಫೀಸಿನಲ್ಲಿ ಪಕ್ಕದ ಟೀಮಿನಲ್ಲಿದ್ದವರು. ಹತ್ತು ಹೆಸರು ಸಾಕು. 'ಮಾತಾಡಿ ಎರಡು ವರ್ಷ ಆಯ್ತಲ್ಲ' ಎಂದು ಹಿಂಜರಿಯಬೇಡಿ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು, ಆ ಪರಿಚಯದವರು ನಿಮಗೆ ಎಷ್ಟು ಸಲ ಸಿಗುತ್ತಿದ್ದರು ಎಂದು ಅವರು ಕೇಳಿದರು. ವಾರಕ್ಕೆ ಎರಡು ಸಲವಾದರೂ ಸಿಗುತ್ತಿದ್ದರು ಎಂದವರು 100ಕ್ಕೆ 17 ಮಂದಿ ಮಾತ್ರ. ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ ಎಂದವರೇ 28ರಷ್ಟು! ಆಪ್ತ ಗೆಳೆಯರಿಗೆ ಗೊತ್ತಿರುವುದು ಹೆಚ್ಚುಕಮ್ಮಿ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದವರಿಂದ, ಅಲ್ವಾ?

ಎರಡನೆಯದು ಮೆಸೇಜ್. ಬಾಯಿ ಕಟ್ಟಿದವರಿಗೆ ಕೈ ಇದೆಯಲ್ಲ! ಆದರೆ ಸುಮ್ನೆ 'ಹಾಯ್ ಸರ್' ಎಂದು ಕಳಿಸಿ ಕಾಯಬೇಡಿ. ಅವರು 'ಹೇಳಿ' ಅನ್ನಬೇಕು, ನೀವು 'ಹೇಗಿದ್ದೀರಿ' ಅನ್ನಬೇಕು. ಅಷ್ಟರಲ್ಲಿ ಇಬ್ಬರಿಗೂ ಸುಸ್ತು. ಒಂದೇ ಸಲಕ್ಕೆ ಎಲ್ಲ ಬರೆಯಿರಿ:

"ನಮಸ್ತೆ ಮೇಡಂ, ನಾನು ಕಾಲೇಜಿನಲ್ಲಿ ನಿಮಗಿಂತ ಎರಡು ವರ್ಷ ಜೂನಿಯರ್. ನೀವು ಟೆಸ್ಟಿಂಗ್ ಬಿಟ್ಟು ಡೇಟಾ ಕೆಲಸಕ್ಕೆ ಹೋಗಿದ್ದನ್ನು ಲಿಂಕ್ಡ್‌ಇನ್‌ನಲ್ಲಿ ನೋಡಿದೆ. ನನಗೂ ಅದೇ ಯೋಚನೆ ಇದೆ. ಮೊದಲು ಏನು ಕಲಿತಿರಿ ಎಂದು ಕೇಳಬೇಕಿತ್ತು. ಈ ವಾರ 15 ನಿಮಿಷ ಫೋನಿಗೆ ಸಿಗಬಹುದಾ? ಬಿಡುವಿಲ್ಲದಿದ್ದರೆ ಇಲ್ಲೇ ಎರಡು ಸಾಲು ಬರೆದರೂ ಸಾಕು."

ಕೊನೆಯ ಸಾಲನ್ನು ಬಿಡಬೇಡಿ. ನನಗೆ ಉತ್ತರ ತರಿಸಿದ್ದು ಹೆಚ್ಚಾಗಿ ಅದೇ. ಕೆಲಸ ಕೇಳಬೇಡಿ, ರೆಸ್ಯೂಮೆ ಅಂಟಿಸಬೇಡಿ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ. ಆಗಲೂ ಬರದಿದ್ದರೆ ಮುಂದಿನ ಹೆಸರು.

ಫೋನಿಗೆ ಮುಂಚೆ ಮೂರು ಪ್ರಶ್ನೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. 'ಇನ್ಯಾರ ಹತ್ತಿರ ಮಾತಾಡಿದರೆ ಒಳ್ಳೇದು?' ಎಂಬುದು ಕೊನೆಯದಾಗಿರಲಿ. ಉಳಿದ ಹೊತ್ತು ಕೇಳಿಸಿಕೊಳ್ಳಿ. ಅದು ನಮಗೆ ಚೆನ್ನಾಗಿಯೇ ಬರುತ್ತದೆ.

ಇನ್ನು ಮೀಟಪ್‌ಗೆ ಹೋಗಲೇಬೇಕಾದರೆ? ಮದುವೆಮನೆ ನೆನಪಿಸಿಕೊಳ್ಳಿ. ಮೂಲೆಯಲ್ಲಿ ಕೂತು ಒದ್ದಾಡುವ ಹುಡುಗನ ಕೈಗೆ ಸಾರಿನ ಬಕೆಟ್ ಕೊಟ್ಟು ನೋಡಿ. 'ಸಾರು, ಸಾರು, ಇನ್ನೊಂದು ಸೌಟು?' ಎನ್ನುತ್ತಾ ಪಂಕ್ತಿ ಪೂರ್ತಿ ಮಾತಾಡಿಸಿಕೊಂಡು ಬರುತ್ತಾನೆ. ಏನು ಮಾತಾಡಬೇಕು ಎಂಬುದನ್ನು ಬಕೆಟ್ಟೇ ಹೇಳಿಕೊಡುತ್ತದೆ. ಹಾಗೆಯೇ ಸಂಘಟಕರಿಗೆ ಮೊದಲೇ ಬರೆದು ಕೆಲಸ ಕೇಳಿ. ನಾನು ಮುಂದಿನ ಸಲ ನೋಂದಣಿ ಮೇಜಿನಲ್ಲಿ ಕೂತು ಬ್ಯಾಡ್ಜ್ ಕೊಟ್ಟೆ. ಊಟದ ಹೊತ್ತಿಗೆ 'ನೀವೇ ಅಲ್ವಾ ಬ್ಯಾಡ್ಜ್ ಕೊಟ್ಟಿದ್ದು?' ಎಂದು ಜನ ತಾವಾಗಿಯೇ ಮಾತಿಗೆ ಬಂದರು. ಇಬ್ಬರ ಜತೆ ಮಾತಾಯಿತು ಅಂದರೆ ಆ ದಿನದ ಲೆಕ್ಕ ಮುಗಿಯಿತು, ಹೊರಡಿ.

ಒಂದು ಮಾತು. ಜನರ ನಡುವೆ ಹೋಗಬೇಕೆಂದರೆ ಎದೆ ಡವಗುಟ್ಟಿ ಇಂಟರ್‌ವ್ಯೂಗಳನ್ನೇ ತಪ್ಪಿಸುತ್ತಿದ್ದೀರಾ? ತಿಂಗಳುಗಟ್ಟಲೆ ಹೀಗೇ ಆಗಿದ್ದರೆ ಅದು ಬರೀ ಸಂಕೋಚ ಇರಲಿಕ್ಕಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಾತಾಡಿದ ಮಾರನೇ ದಿನ ಥ್ಯಾಂಕ್ಸ್ ಹೇಳಿ. ಅವರು ಹೇಳಿದ್ದನ್ನು ಮಾಡಿದಿರಾದರೆ, ಮೂರು ತಿಂಗಳ ಮೇಲೆ ಅದನ್ನೂ ತಿಳಿಸಿ. ನಂಬರ್ ಸೇವ್ ಮಾಡುವಾಗ ಎಲ್ಲಿ ಸಿಕ್ಕಿದವರು, ಏನು ಕೆಲಸ ಎಂದು ಹೆಸರಿನ ಜತೆಗೇ ಹಾಕಿ. ನನ್ನ ಫೋನಿನಲ್ಲಿ ಮೂವರು 'ಪ್ರಸಾದ್ ನ್ಯೂ' ಇದ್ದಾರೆ. ಯಾರು ಯಾರೋ!