ಹಳೇ ಸಿನಿಮಾದಲ್ಲಿ ಗ್ರಾಮಫೋನ್ ಗುರುತಿಸಬೇಕೇ? ಕಹಳೆ ಬಿಡಿ, ಕೈ ನೋಡಿ

ಹಳೇ ಸಿನಿಮಾದಲ್ಲಿ ಮೂಲೆಯಲ್ಲೊಂದು ಗ್ರಾಮಫೋನ್ ಕಂಡ ಕೂಡಲೇ ಕಣ್ಣು ನೇರ ಕಹಳೆಗೆ ಹೋಗುತ್ತದೆ. ದೊಡ್ಡದು, ಹೊಳೆಯುತ್ತದೆ, ಹೋಗದೇ ಇರುತ್ತದಾ? ಆದರೆ ಯಂತ್ರ ಯಾವ ಕಾಲದ್ದು ಎಂದು ಹೇಳಲು ಕಹಳೆಯಷ್ಟು ದಾರಿ ತಪ್ಪಿಸುವ ಸುಳಿವು ಇನ್ನೊಂದಿಲ್ಲ. ಕತೆ 1910ರಲ್ಲಿ ನಡೆಯಲಿ, 1950ರಲ್ಲಿ ನಡೆಯಲಿ, 'ಇದು ಹಳೇ ಕಾಲ' ಎಂದು ತೋರಿಸಬೇಕಾದರೆ ಸೆಟ್ ಹಾಕುವವರು ಮೊದಲು ತಂದಿಡುವುದೇ ಅದನ್ನು. ಹಾಗಾಗಿ ಬೇರೆ ಕಡೆ ನೋಡುವುದು ಕಲಿಯೋಣ.

ಮೊದಲ ಕೆಲಸ, ಎರಡು ಇಸವಿ ಬರೆದಿಟ್ಟುಕೊಳ್ಳಿ. ಕತೆ ನಡೆಯುವ ವರ್ಷ ಒಂದು, ಸಿನಿಮಾ ತೆಗೆದ ವರ್ಷ ಇನ್ನೊಂದು. ಯಂತ್ರ ಎರಡನೆಯದಕ್ಕಿಂತ ಹೊಸದಾಗಿರಲು ಸಾಧ್ಯವಿಲ್ಲ. ಮೊದಲನೆಯದಕ್ಕಿಂತ ಹೊಸದಾಗಿರಬಹುದು, ತಪ್ಪುಗಳೆಲ್ಲ ಸಿಗುವುದು ಅಲ್ಲೇ.

ಆಮೇಲೆ, ತಿರುಗುತ್ತಿರುವುದು ಉರುಳೆಯೋ ತಟ್ಟೆಯೋ ನೋಡಿ. ಎಡಿಸನ್ 1877ರಲ್ಲಿ ಮಾಡಿದ ಫೋನೋಗ್ರಾಫಿನಲ್ಲಿ ಇದ್ದದ್ದು ಉರುಳೆ. ಚಪ್ಪಟೆ ತಟ್ಟೆ ಬಂದದ್ದು ಎಮಿಲ್ ಬರ್ಲಿನರ್ 1887ರಲ್ಲಿ ಪೇಟೆಂಟ್ ಪಡೆದ ಗ್ರಾಮಫೋನಿನಿಂದ. ಎಡಿಸನ್ ಕಂಪನಿ ಉರುಳೆ ಮಾಡುವುದನ್ನು 1929ರಲ್ಲಿ ನಿಲ್ಲಿಸಿತು. ಸಿನಿಮಾದಲ್ಲಿ ಉರುಳೆ ಕಾಣುವುದು ಅಪರೂಪ, ಕಂಡರೆ ಗುರುತಿಸುವುದು ಸುಲಭ. ಮುಂದೆ ಹೋಗೋಣ.

ನಟರ ಕೈ ಏನು ಮಾಡುತ್ತಿದೆ?

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗಟ್ಟಿ ಸುಳಿವು. ಸ್ಪ್ರಿಂಗ್ ಯಂತ್ರವಾದರೆ ಹಾಡು ಹಾಕುವ ಮೊದಲು ಕೀ ಕೊಡಲೇಬೇಕು. ಪೆಟ್ಟಿಗೆಯ ಪಕ್ಕದಲ್ಲಿ, ಸಾಮಾನ್ಯವಾಗಿ ಬಲಗಡೆ, ಹಿಡಿಕೆ ಇರುತ್ತದೆ. ಕೀ ಕೊಟ್ಟು, ಬ್ರೇಕ್ ಸರಿಸಿ, ತಟ್ಟೆ ವೇಗ ಹಿಡಿದ ಮೇಲೆ ಮುಳ್ಳು ಇಳಿಸುತ್ತಾರೆ. ಆ ಮುಳ್ಳು ಇರುವ ತಲೆಯನ್ನು ಸರಿಯಾಗಿ ನೋಡಿ. ಹಳೇ ಯಂತ್ರದಲ್ಲಿ ಅದು ದುಂಡಗಿನ ಲೋಹದ ಡಬ್ಬಿ, ತಟ್ಟೆಯ ಮೇಲೆ ಹೆಚ್ಚುಕಡಿಮೆ ನೆಟ್ಟಗೆ ನಿಂತಿರುತ್ತದೆ. ಅದಕ್ಕೆ ಸೌಂಡ್ ಬಾಕ್ಸ್ ಎನ್ನುತ್ತಾರೆ. ಒಳಗೆ ಮೈಕಾದ ಅಥವಾ ಲೋಹದ ತೆಳು ಪೊರೆ, ಕೆಳಗೆ ಚಿಕ್ಕ ತಿರುಪು, ಆ ತಿರುಪಿನಲ್ಲಿ ಸಿಕ್ಕಿಸಿದ ಉಕ್ಕಿನ ಮುಳ್ಳು.

ಉಕ್ಕಿನ ಮುಳ್ಳು ಒಂದು ಬದಿ ನುಡಿಸುವಷ್ಟರಲ್ಲಿ ಸವೆದುಹೋಗುತ್ತಿತ್ತು. ಹಾಗಾಗಿ ಪ್ರತಿ ಸಲ ಬದಲಾಯಿಸಬೇಕಿತ್ತು. ಯಂತ್ರದ ಪಕ್ಕದಲ್ಲಿ ಮುಳ್ಳಿನ ಪುಟ್ಟ ತಗಡಿನ ಡಬ್ಬಿ ಇದ್ದು, ಪಾತ್ರಧಾರಿ ತಿರುಪು ಸಡಿಲಿಸಿ ಹಳೇ ಮುಳ್ಳು ಬೀಳಿಸಿ ಹೊಸದನ್ನು ಸಿಕ್ಕಿಸಿದರೆ, ಆ ಸೆಟ್ಟಿನಲ್ಲಿ ಗ್ರಾಮಫೋನ್ ಗೊತ್ತಿದ್ದವರು ಯಾರೋ ಇದ್ದರು ಎಂದೇ ಅರ್ಥ.

ಬದಲಿಗೆ ತೆಳ್ಳಗಿನ ಪ್ಲಾಸ್ಟಿಕ್ ತಲೆ, ಹಗುರ ತೋಳು, ಹಿಂದೆ ವೈರು ಕಂಡರೆ ಅದು ಕರೆಂಟಿನ ಪ್ಲೇಯರ್. ತಟ್ಟೆ ಕಂಪನಿಗಳು ಮೈಕ್ ಬಳಸಿ ವಿದ್ಯುತ್ ರೆಕಾರ್ಡಿಂಗ್ ಶುರುಮಾಡಿದ್ದೇ 1925ರಲ್ಲಿ, ಅದಕ್ಕೂ ಹಿಂದಿನ ಕತೆಯಲ್ಲಿ ಇಂಥದ್ದು ಕಂಡರೆ ಅನುಮಾನಪಡಿ. ಅಂಥ ತೋಳಿನ ಪಕ್ಕದಲ್ಲೇ ದೊಡ್ಡ ಕಹಳೆಯೂ ನಿಂತಿದ್ದರೆ ಆ ಕಹಳೆ ಸುಮ್ನೆ ಅಲಂಕಾರಕ್ಕೆ.

ಕಹಳೆ ಇಲ್ಲದ್ದೂ ಗ್ರಾಮಫೋನೇ

1906ರಲ್ಲಿ ವಿಕ್ಟರ್ ಕಂಪನಿ ವಿಕ್ಟ್ರೋಲಾ ತಂದಿತು. ಕಹಳೆಯನ್ನು ಮಡಚಿ ಪೆಟ್ಟಿಗೆಯೊಳಗೇ ಅಡಗಿಸಿದರು. ಮುಂದೆ ಪುಟ್ಟ ಬಾಗಿಲು, ತೆರೆದರೆ ಸದ್ದು ಜಾಸ್ತಿ, ಮುಚ್ಚಿದರೆ ಕಮ್ಮಿ. ಶ್ರೀಮಂತರ ಮನೆಯ ದೃಶ್ಯದಲ್ಲಿ ಬೀರು ಎಂದು ನಾವು ದಾಟಿಬಿಡುವ ಎಷ್ಟೋ ಪೆಟ್ಟಿಗೆಗಳು ನಿಜವಾಗಿ ಇವೇ. ಮೇಲಿನ ಮುಚ್ಚಳ ಎತ್ತಿದರೆ ಅಥವಾ ಪಕ್ಕದಲ್ಲಿ ಹಿಡಿಕೆ ಕಂಡರೆ ಗುಟ್ಟು ರಟ್ಟು.

ದೋಣಿ, ರೈಲು, ಬಯಲಿನಲ್ಲಿ ಹಾಡು ಕೇಳುವ ದೃಶ್ಯಗಳಲ್ಲಿ ಕಾಣುವುದು ಸೂಟ್‌ಕೇಸಿನಂಥದ್ದು. ಡೆಕ್ಕಾ ಪೋರ್ಟಬಲ್ 1914ರದ್ದು, ಮೊದಲ ಮಹಾಯುದ್ಧದ ಕಂದಕಗಳಿಗೂ ಅದನ್ನು ಹೊತ್ತುಕೊಂಡು ಹೋಗಿದ್ದರು. ಎಚ್‌ಎಂವಿ ಕಂಪನಿಯ ಸೂಟ್‌ಕೇಸ್ ಮಾಡೆಲ್ 102 ಬಂದದ್ದು 1931ರಲ್ಲಿ. 1920ರ ಕತೆಯಲ್ಲಿ 102 ಕಂಡರೆ ಖುಷಿಯಾಗಿ ಗುರುತು ಹಾಕಿಕೊಳ್ಳಿ.

ಇನ್ನು ನಕಲಿಗಳು. ಇತ್ತೀಚಿನ ಸಿನಿಮಾ ಹಳೇ ಕಾಲವನ್ನು ತೋರಿಸುವಾಗ ಇವು ಜಾಸ್ತಿ. ಕನ್ನಡಿಯಷ್ಟು ಹೊಳೆಯುವ ಹಿತ್ತಾಳೆ ಕಹಳೆ, ಅದನ್ನು ಹೊತ್ತ ದಪ್ಪ ಹಿತ್ತಾಳೆ ಕೊಳವೆ, ಹಲವು ಮೂಲೆಯ ಹೊಸ ಮರದ ಪೆಟ್ಟಿಗೆ, ಮುಂದೆ ನಾಯಿಯ ಚಿತ್ರದ ಬಿಲ್ಲೆ. ಒಳಗಿರುವ ಮೋಟಾರು ಎಷ್ಟೋ ಸಲ ಯಾವುದೋ ಹಳೇ ಸೂಟ್‌ಕೇಸ್ ಯಂತ್ರದಿಂದ ಬಿಚ್ಚಿದ್ದು. ಆ ಬಿಲ್ಲೆಯನ್ನು ನಂಬಬೇಡಿ. ಅಂದಹಾಗೆ, ಫ್ರಾನ್ಸಿಸ್ ಬರಾಡ್ ಬಿಡಿಸಿದ ಆ ಚಿತ್ರದಲ್ಲಿ ನಾಯಿ ಮೊದಲು ಕೂತದ್ದು ಉರುಳೆಯ ಯಂತ್ರದ ಮುಂದೆ. 1899ರಲ್ಲಿ ಗ್ರಾಮಫೋನ್ ಕಂಪನಿಯವರು ಚಿತ್ರ ಕೊಳ್ಳುವಾಗ ಅದನ್ನು ಅಳಿಸಿ ತಮ್ಮ ಯಂತ್ರ ಬರೆಸಿದರು.

ಫ್ರೇಮ್ ಎಣಿಸಿ

ಸ್ವಲ್ಪ ಹುಚ್ಚಿನ ಕೆಲಸ, ಆದರೆ ಇದರಷ್ಟು ಮಜಾ ಬೇರೆಯದರಲ್ಲಿಲ್ಲ. ಮಾತಿನ ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ತಟ್ಟೆಯ ನಡುವಿನ ಲೇಬಲ್ ಮೇಲೆ ಒಂದು ಅಕ್ಷರವೋ ಕಲೆಯೋ ಹಿಡಿದುಕೊಳ್ಳಿ. ಅದು ಮತ್ತೆ ಅದೇ ಜಾಗಕ್ಕೆ ಬರುವವರೆಗೆ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಯೂಟ್ಯೂಬಿನಲ್ಲಾದರೆ ವಿಡಿಯೋ ನಿಲ್ಲಿಸಿ ಕೀಬೋರ್ಡಿನ ಕಾಮಾ, ಫುಲ್‌ಸ್ಟಾಪ್ ಒತ್ತಿದರೆ ಸಾಕು. ವಿಎಲ್‌ಸಿಯಲ್ಲಿ ಇ ಕೀ.

ಸುಮಾರು 18ರಿಂದ 19 ಫ್ರೇಮಿಗೆ ಒಂದು ಸುತ್ತು ಮುಗಿದರೆ ಅದು ನಿಮಿಷಕ್ಕೆ 78 ಸುತ್ತಿನ ತಟ್ಟೆ. 32 ಆದರೆ 45 ಸುತ್ತಿನದು. 43ರ ಆಸುಪಾಸು ಬಂದರೆ 33⅓ರ ಎಲ್‌ಪಿ, ಅಂದರೆ ಲಾಂಗ್ ಪ್ಲೇ ತಟ್ಟೆ. ಕೊಲಂಬಿಯಾ ಎಲ್‌ಪಿ ತಂದದ್ದು 1948ರಲ್ಲಿ, ಆರ್‌ಸಿಎ ವಿಕ್ಟರ್ 45 ತಂದದ್ದು 1949ರಲ್ಲಿ. ಅಂದರೆ 1930ರ ಕತೆಯ ಮನೆಯೊಂದರಲ್ಲಿ ತಟ್ಟೆ 43 ಫ್ರೇಮಿಗೆ ನಿಧಾನವಾಗಿ ಸುತ್ತುತ್ತಿದ್ದರೆ ಸಿಕ್ಕಿಬಿದ್ದರು ಎಂದೇ ಲೆಕ್ಕ. ಸಿನಿಮಾ ಮಂದಿರದ ಪ್ರೊಜೆಕ್ಟರ್ ಕೋಣೆಯಾದರೆ ಮಾತ್ರ ತಡೆಯಿರಿ, ಯಾಕೆಂದರೆ ಸಿನಿಮಾದ ಧ್ವನಿಯನ್ನು ನುಡಿಸುತ್ತಿದ್ದ 1926ರ ವಿಟಾಫೋನ್ ತಟ್ಟೆಗಳು ಓಡುತ್ತಿದ್ದದ್ದು 33⅓ರಲ್ಲೇ. 16 ಇಂಚಿನ ತಟ್ಟೆ, ಮುಳ್ಳು ಒಳಗಿನಿಂದ ಹೊರಗೆ ಸಾಗುತ್ತಿತ್ತು!

ಕೆಲವು ಪ್ರತಿಗಳಲ್ಲಿ ಒಂದೇ ಫ್ರೇಮ್ ಎರಡು ಸಲ ಬರುತ್ತದೆ. ಚಿತ್ರ ಅಲುಗದಿದ್ದರೆ ಅದನ್ನು ಎಣಿಸಬೇಡಿ. ಮೂಕಿ ಚಿತ್ರಗಳಲ್ಲಿ ವೇಗ ಒಂದೇ ಸಮ ಇರುತ್ತಿರಲಿಲ್ಲ, ಈ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಎಣಿಸುವ ತಾಳ್ಮೆ ಇಲ್ಲವೇ? ಗಡಿಯಾರ ನೋಡಿ. 10 ಇಂಚಿನ 78ರ ಒಂದು ಬದಿಯಲ್ಲಿ ಹಿಡಿಯುವುದು ಸುಮಾರು ಮೂರು ನಿಮಿಷ. ನಾಯಕ ನಾಯಕಿ ಹತ್ತು ನಿಮಿಷ ಕುಣಿದರೂ ಯಾರೂ ಯಂತ್ರದ ಕಡೆ ಹೋಗದಿದ್ದರೆ, ನಡುಗಂಬಿಯ ಮೇಲೆ ತಟ್ಟೆಗಳ ಅಟ್ಟಿ ಇದೆಯಾ ನೋಡಿ. ಇದ್ದರೆ ಅದು ತಾನಾಗಿ ಬದಲಿಸುವ ಚೇಂಜರ್. ಇಲ್ಲದಿದ್ದರೆ ನಿರ್ದೇಶಕರ ದಯೆ.

1950ರ ನಂತರದವನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ. ಪಾರದರ್ಶಕ ಮುಚ್ಚಳದ ಬಿಳಿ ಪೆಟ್ಟಿಗೆಯಾದರೆ 1956ರ ಬ್ರೌನ್ ಎಸ್‌ಕೆ 4 ಇರಬಹುದು. ತಟ್ಟೆ ಕೂರುವ ತಿರುಗುಮಣೆಯ ಅಂಚಿನಲ್ಲಿ ಸಾಲುಸಾಲು ಚುಕ್ಕೆ ಇದ್ದರೆ 1972ರ ಟೆಕ್ನಿಕ್ಸ್ ಎಸ್‌ಎಲ್-1200 ಇದ್ದೀತು, ಆದರೆ ಚುಕ್ಕೆ ಬೇರೆ ಪ್ಲೇಯರುಗಳಲ್ಲೂ ಉಂಟು.

ಕೊನೆಗೆ, ತಟ್ಟೆ ಯಾವ ಕಡೆ ತಿರುಗುತ್ತಿದೆ ಎಂದೂ ನೋಡಿ. ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆಯೇ ತಿರುಗಬೇಕು. ಉಲ್ಟಾ ತಿರುಗುತ್ತಿದ್ದು, ಲೇಬಲ್ ಮೇಲಿನ ಅಕ್ಷರವೂ ತಿರುವುಮುರುವಾಗಿದ್ದರೆ ಎಡಿಟಿಂಗಿನಲ್ಲಿ ಶಾಟನ್ನೇ ಮಗುಚಿದ್ದಾರೆ. ಆಗ ಹಿಡಿಕೆ ಎಡಗಡೆ ಇದೆ ಎಂದು ಹೊಸ ಮಾಡೆಲ್ ಹುಡುಕುತ್ತಾ ಕೂರಬೇಡಿ.